ನಮ್ಮ ಕಡೆ ಮತ ಹಾಕೋದು ಕೆಲವರಿಗೆ ಯಾಕೆ ಕಷ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂಡಿಗೆರೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಪಾಠದ ಜೊತೆಗೆ ಬಹಳ ವರ್ಷ ಬಿಎಲ್‌ಒ ಕೆಲಸವನ್ನೂ ಮಾಡಿದೆ. ಬಿಎಲ್‌ಒ ಅಂದರೆ ಮನೆಮನೆಗೆ ಬಂದು ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ. ಈಗಲೂ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಜನ ನಿಲ್ಲಿಸಿ ಕೇಳುತ್ತಾರೆ: "ಟೀಚರ್, ನಮ್ಮ ಹೆಸರು ಇದೆಯಾ? ಯಾಕೆ ಹೋಯ್ತು?" ಕೇಳಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಮತದ ಹಕ್ಕು ಎಲ್ಲರಿಗೂ ಒಂದೇ ಅಲ್ವಾ? ಇದರಲ್ಲಿ ಸುಲಭ, ಕಷ್ಟ ಎಲ್ಲಿಂದ ಬಂತು?

ಹಕ್ಕು ಒಂದೇ. ಸಂವಿಧಾನದ 326ನೇ ವಿಧಿ ಹೇಳುವುದೂ ಅದನ್ನೇ: 18 ತುಂಬಿದ ಪ್ರತಿ ನಾಗರಿಕರಿಗೂ ಮತ ಇದೆ. ಓದು, ಆಸ್ತಿ, ಜಾತಿ ಯಾವುದನ್ನೂ ಕೇಳುವಂತಿಲ್ಲ.

ಆದರೆ ಆ ಹಕ್ಕನ್ನು ಬಳಸಲು ಮೂರು ಬಾಗಿಲು ದಾಟಬೇಕು. ಮೊದಲು ಪಟ್ಟಿಯಲ್ಲಿ ಹೆಸರು ಇರಬೇಕು. ಆಮೇಲೆ ಮತದಾನದ ದಿನ ಊರಿನಲ್ಲಿರಬೇಕು, ಮತಗಟ್ಟೆಗೆ ಹೋಗಲು ಪುರುಸೊತ್ತು ಇರಬೇಕು. ಕೊನೆಗೆ ಯಾರಿಗೂ ಹೆದರದೆ ಗುಂಡಿ ಒತ್ತುವಂತಿರಬೇಕು. ಚಿಕ್ಕಮಗಳೂರು ಪೇಟೆಯಲ್ಲಿ ಸ್ವಂತ ಮನೆ ಇರುವ ಒಬ್ಬ ಬ್ಯಾಂಕ್ ನೌಕರರಿಗೆ ಈ ಮೂರು ಬಾಗಿಲೂ ತೆರೆದೇ ಇರುತ್ತವೆ. ತಿಂಡಿ ತಿಂದು, ಮತ ಹಾಕಿ, ಅರ್ಧ ಗಂಟೆಯಲ್ಲಿ ಮನೆಗೆ ಬರುತ್ತಾರೆ. ಬಾಳೆಹೊನ್ನೂರಿನ ಆಚೆ ಯಾರದೋ ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಯಲ್ಲಿ, ಇರುವ ಹೆಂಗಸಿಗೆ ಮೂರು ಕಡೆಯೂ ಒಂದೊಂದು ತಡೆ. ಅವಳೂ ಅದೇ ದೇಶದ ಪ್ರಜೆ.

ನಿಯಮವೇ ಗೋಡೆಯಾದದ್ದೂ ಉಂಟು. 1978ರಲ್ಲಿ ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿನಿಂದ ಲೋಕಸಭೆಯ ಉಪಚುನಾವಣೆಗೆ ನಿಂತರು. ಊರಿಗೆ ಊರೇ ಭಾಷಣ ಕೇಳಲು ಓಡಿತ್ತು. ನಾನಾಗ ಹೈಸ್ಕೂಲು ಹುಡುಗಿ. ನಮ್ಮಣ್ಣನಿಗೆ 20 ವರ್ಷ. ದುಡಿದು ಮನೆ ನಡೆಸುತ್ತಿದ್ದ, ಆದರೆ ಮತ ಇರಲಿಲ್ಲ. ಆಗ 21 ಆಗಬೇಕಿತ್ತು. 61ನೇ ತಿದ್ದುಪಡಿ ಬಂದು 1989ರಲ್ಲಿ ಅದು 18ಕ್ಕೆ ಇಳಿಯಿತು. ಗೋಡೆಗಳನ್ನು ತೆಗೆಯಬಹುದು ಅನ್ನೋದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ಅದು.

ಎರಡು ಕಿಲೋಮೀಟರ್ ಒಳಗೇ ಮತಗಟ್ಟೆ ಇರುತ್ತೆ ಅಂತಾರೆ. ಮತ್ತೇನು ತೊಂದರೆ?

ಯಾವ ಮತದಾರರೂ ಎರಡು ಕಿಲೋಮೀಟರಿಗಿಂತ ದೂರ ನಡೆಯಬಾರದು ಅನ್ನೋದು ಚುನಾವಣಾ ಆಯೋಗದ ಲೆಕ್ಕ. ಒಳ್ಳೆಯ ಲೆಕ್ಕವೇ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬರೇ ಒಬ್ಬ ಮತದಾರರಿಗೆ ಮತಗಟ್ಟೆ ಹಾಕಿದ ದೇಶ ನಮ್ಮದು. ಅದು ನನಗೆ ಹೆಮ್ಮೆ.

ಆದರೆ ಕಡೂರಿನ ಬಯಲಿನ ಎರಡು ಕಿಲೋಮೀಟರೇ ಬೇರೆ, ಕಳಸದ ಏರಿನ ಎರಡು ಕಿಲೋಮೀಟರೇ ಬೇರೆ. ಮಲೆನಾಡಿನಲ್ಲಿ ಒಂದು ಹಳ್ಳಿ ಅಂದರೆ ಸಾಲಾಗಿ ನಿಂತ ಮನೆಗಳಲ್ಲ. ಗುಡ್ಡಕ್ಕೆ ಒಂದು ಮನೆ, ಗದ್ದೆಯ ಬದಿಗೆ ಇನ್ನೊಂದು. ಮಂಡಿನೋವಿನ ಅಜ್ಜಿಗೆ ಇಳಿಯೋದು ಸುಲಭ, ಹತ್ತೋದು ಕಷ್ಟ. ಆಟೋ ಮಾಡಿದರೆ ಒಂದು ದಿನದ ಕೂಲಿಯ ಒಳ್ಳೆ ಪಾಲು ಹೋಗುತ್ತದೆ.

ಸಕಲೇಶಪುರ, ಆಲೂರು, ಬೇಲೂರು ಕಡೆ ಇನ್ನೊಂದು ವಿಷಯ ಇದೆ: ಆನೆ. ಮತದಾನ ಬೆಳಿಗ್ಗೆ 7ಕ್ಕೆ ಶುರುವಾಗುತ್ತದೆ, ಸಂಜೆ 6ಕ್ಕೆ ಮುಗಿಯುತ್ತದೆ. ಪೇಟೆಯವರು ಬಿಸಿಲೇರುವ ಮುಂಚೆ ಹೋಗಿ ಬನ್ನಿ ಅಂತ ಸಲಹೆ ಕೊಡುತ್ತಾರೆ. ಆದರೆ ತೋಟದ ದಾರಿಯಲ್ಲಿ ಬೆಳಗಿನ ಮಂಜಿನಲ್ಲೂ ಮುಸ್ಸಂಜೆಯಲ್ಲೂ ಒಬ್ಬೊಬ್ಬರೇ ನಡೆಯುವಂತಿಲ್ಲ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಅದು ದೊಡ್ಡ ಉಪಕಾರ. ನೆಟ್‌ವರ್ಕ್ ಇಲ್ಲದ ಕಡೆ ಆ ಸಂದೇಶ ತಲುಪುವಾಗ ಆನೆ ದಾಟಿ ಹೋಗಿರುತ್ತದೆ. ಹೀಗಾಗಿ 11 ತಾಸಿನ ಮತದಾನ ಅಲ್ಲಿ ನಡುಹಗಲಿನ ಐದು ತಾಸಿನ ಮತದಾನ ಆಗುತ್ತದೆ.

ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿ ನಿಂತಿದ್ದರೆ ಸಾಕು. ಸಾಲಿನವರಿಗೆಲ್ಲ ಚೀಟಿ ಕೊಡುತ್ತಾರೆ, ಎಷ್ಟು ಹೊತ್ತಾದರೂ ಮತ ಹಾಕಿಸಿಯೇ ಕಳಿಸಬೇಕು. "ಟೈಂ ಆಯ್ತು, ಹೋಗಿ" ಅಂದರೆ ಹೋಗಬೇಡಿ.

ನಾವು ತೋಟದ ಲೈನ್ ಮನೆಯಲ್ಲಿರೋದು. ಬಾಡಿಗೆ ಪತ್ರ ಇಲ್ಲ, ಕರೆಂಟ್ ಬಿಲ್ ಇಲ್ಲ. ಹೆಸರು ಸೇರಿಸಲು ಆಗುತ್ತಾ?

ಆಗುತ್ತದೆ. ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಅದರಲ್ಲಿ ವಾಸದ ದಾಖಲೆ ಅಂತ ಒಂದು ಪಟ್ಟಿ ಇದೆ: ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್, ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ಜಮೀನಿನ ದಾಖಲೆ, ನೋಂದಾಯಿತ ಬಾಡಿಗೆ ಕರಾರು, ನೋಂದಾಯಿತ ಕ್ರಯಪತ್ರ. ಈ ಪಟ್ಟಿಯನ್ನು ಲೈನ್ ಮನೆಯ ಬಾಗಿಲಲ್ಲಿ ನಿಂತು ಓದಿ ನೋಡಿ. ಮನೆ ಸಾಹುಕಾರರದ್ದು, ಕರೆಂಟ್ ಅವರ ಹೆಸರಿನಲ್ಲಿ, ಜಮೀನು ಅವರದ್ದು. ಬಾಡಿಗೆಯೇ ಇಲ್ಲದ ಮೇಲೆ ಕರಾರು ಎಲ್ಲಿಂದ ಬರಬೇಕು? ಆಧಾರ್ ಇದ್ದರೂ ಅದರಲ್ಲಿ ತವರಿನದೋ, ಮೂರು ತೋಟಗಳ ಹಿಂದಿನದೋ ವಿಳಾಸ ಇರುತ್ತದೆ. ಒಂದೇ ತೋಟದಲ್ಲಿ 20 ವರ್ಷ ದುಡಿದವರಿಗೂ ತಾವು ಅಲ್ಲಿದ್ದೇವೆ ಅಂತ ತೋರಿಸಲು ಒಂದು ಕಾಗದ ಇರುವುದಿಲ್ಲ.

ಆದರೆ ಅದೇ ನಮೂನೆಯಲ್ಲಿ ಇನ್ನೊಂದು ಮಾತೂ ಇದೆ. ಇವು ಯಾವುದೂ ಇಲ್ಲದಿದ್ದರೆ ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡಲೇಬೇಕು. ಕಾಗದ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅರ್ಜಿಯನ್ನು ಬದಿಗಿಡುವಂತಿಲ್ಲ. ಮನೆಯೇ ಇಲ್ಲದೆ ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದ ಜಗಲಿಯಲ್ಲೋ ಮಲಗುವವರಿಗೂ ಹೆಸರು ಸೇರಿಸಬಹುದು. ಅವರು ಹೇಳಿದ ಜಾಗಕ್ಕೆ ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರೆ ಅಂತ ಖಚಿತ ಮಾಡಿಕೊಳ್ಳಬೇಕು. ದಾಖಲೆ ಕೇಳುವಂತಿಲ್ಲ.

ನಾನು ಮೊದಲ ವರ್ಷ ಒಂದು ತಪ್ಪು ಮಾಡಿದೆ. ಶಾಲೆ ಬಿಟ್ಟ ಮೇಲೆ ನಾಲ್ಕು ಗಂಟೆಗೆ ಲೈನಿಗೆ ಹೋಗುತ್ತಿದ್ದೆ. ಎಲ್ಲ ಬಾಗಿಲಿಗೂ ಚಿಲಕ. ಮೂರು ಸಲ ಹೋದರೂ ಅದೇ. ಅವರು ಮನೆ ಬಿಟ್ಟಿದ್ದಾರೆ ಅಂತ ಬರೆಯಲು ಹೊರಟಿದ್ದೆ. ಅಲ್ಲಿನ ರೈಟರು, ಅಂದರೆ ತೋಟದ ಕೆಲಸ, ಆಳುಗಳ ಲೆಕ್ಕ ನೋಡಿಕೊಳ್ಳುವವರು, ತಡೆದು ಹೇಳಿದರು: "ಟೀಚರ್, ಅವರು ಕೆಲಸ ಬಿಟ್ಟು, ಸೌದೆ ಹೊತ್ತುಕೊಂಡು ಬರೋದು ಆರು ಗಂಟೆಗೆ." ಆಮೇಲೆ ಭಾನುವಾರ ಬೆಳಿಗ್ಗೆ ಹೋದೆ. ಒಂದೇ ಲೈನಿನಲ್ಲಿ 14 ಹೆಸರು ಸಿಕ್ಕವು. ನಾನು ಆ ದಿನ ಹೋಗದೆ ಇದ್ದಿದ್ದರೆ ಅಷ್ಟೂ ಜನರ ಮುಂದೆ 'ಸ್ಥಳಾಂತರ' ಅನ್ನೋ ಪದ ಬೀಳುತ್ತಿತ್ತು. ಅದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ತೋಟದ ಮಾಲೀಕರಿಗೆ ನನ್ನ ಒಂದು ಕೋರಿಕೆ. ನಿಮ್ಮ ಲೈನಿನಲ್ಲಿ ಯಾರಿದ್ದಾರೆ ಅಂತ ಬಿಎಲ್‌ಒ ಕೇಳಿದಾಗ ಬಾಯಿಬಿಟ್ಟು ಹೇಳಿ. ಹೆಸರು ಸೇರಿದರೆ ಮನೆಯ ಮೇಲೆ ಹಕ್ಕು ಬಂದುಬಿಡುತ್ತದೆ ಅಂತ ಕೆಲವರು ಹೆದರುತ್ತಾರೆ. ಮತದಾರರ ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಯಾರಿಗೂ ಮನೆಯ ಮಾಲೀಕತ್ವ ಬರುವುದಿಲ್ಲ. ತಿರುಗಿಸಿಯೂ ನೋಡಿ: ಒಂದು ಊರಿನಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ಅಲ್ಲಿ ಮತವೂ ಬರುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳೋದು ಒಂದೇ: ನೀವು ಸಾಮಾನ್ಯವಾಗಿ ಇರೋದು ಎಲ್ಲಿ?

ಮತದಾನದ ದಿನ ಕೆಲಸಕ್ಕೆ ಹೋಗದಿದ್ದರೆ ಕೂಲಿ ಹೋಗುತ್ತೆ. ಏನು ಮಾಡೋದು?

ಕೂಲಿ ಹೋಗಬಾರದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತ ಇರುವ ಪ್ರತಿ ಕೆಲಸಗಾರರಿಗೂ ಅಂದು ಸಂಬಳ ಸಹಿತ ರಜೆ. ದಿನಗೂಲಿಯವರಿಗೂ ಅನ್ವಯಿಸುತ್ತದೆ. ತೋಟ, ಅಂಗಡಿ, ಹೋಟೆಲ್, ಗಾರ್ಮೆಂಟ್ಸ್, ಹೋಂಸ್ಟೇ ಎಲ್ಲ ಬರುತ್ತವೆ. ಒಬ್ಬರು ಹೋದರೆ ಅಪಾಯವೋ ದೊಡ್ಡ ನಷ್ಟವೋ ಆಗುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ರಜೆ ಕೊಡದ ಮಾಲೀಕರಿಗೆ ದಂಡ ಇದೆ. ಎಷ್ಟು ಅಂದರೆ ಹೆಚ್ಚೆಂದರೆ 500 ರೂಪಾಯಿ. ಇಷ್ಟು ಕಡಿಮೆ ದಂಡಕ್ಕೆ ಯಾರೂ ಹೆದರುವುದಿಲ್ಲ, ಅದನ್ನು ಹೆಚ್ಚಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಚುನಾವಣೆ ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ. ವಿಧಾನಸಭೆಗೆ 2023ರ ಮೇ 10, ಲೋಕಸಭೆಗೆ 2024ರ ಏಪ್ರಿಲ್ 26. ಕಾಫಿ ಕೊಯ್ಲು ಮುಗಿದಿರುತ್ತದೆ, ಮೆಣಸಿನ ಕೆಲಸ ಕೊನೆಯಲ್ಲಿರುತ್ತದೆ, ಕೆಲಸ ಸಿಗುವ ದಿನಗಳೇ ಕಡಿಮೆ. ಅಂಥ ಹೊತ್ತಿನಲ್ಲಿ ಒಂದು ದಿನದ ಕೂಲಿ ಬಿಡೋದು ದೊಡ್ಡ ಮಾತು. ಮತದಾನಕ್ಕೆ ಮುಂಚೆಯೇ ನಾಲ್ಕು ಜನ ಸೇರಿ ರೈಟರ ಹತ್ತಿರ ಮಾತಾಡಿ. ಒಬ್ಬರೇ ಕೇಳೋದಕ್ಕಿಂತ ಅದು ವಾಸಿ.

ಸಾಹುಕಾರರ ಜೀಪಿನಲ್ಲೇ ಕರ್ಕೊಂಡು ಹೋಗಿ ಬಿಡ್ತಾರೆ. ಅದು ಅನುಕೂಲ ತಾನೆ?

ಕಾಲಿಗೆ ಅನುಕೂಲ, ಮನಸ್ಸಿಗೆ ಇಕ್ಕಟ್ಟು. ಅಭ್ಯರ್ಥಿ, ಅವರ ಏಜೆಂಟ್, ಅಥವಾ ಅವರ ಒಪ್ಪಿಗೆ ಪಡೆದ ಯಾರೇ ಆಗಲಿ ಗಾಡಿ ಗೊತ್ತು ಮಾಡಿ ಮತದಾರರನ್ನು ಬಿಟ್ಟಿಯಾಗಿ ಸಾಗಿಸಿದರೆ ಕಾನೂನಿನಲ್ಲಿ ಅದು ಭ್ರಷ್ಟ ಆಚರಣೆ. ನಿಮ್ಮ ದುಡ್ಡಿನಲ್ಲಿ ಬಸ್ಸಿಗೆ ಹೋದರೆ ಯಾವ ತಕರಾರೂ ಇಲ್ಲ.

ಆದರೆ ನನ್ನ ಚಿಂತೆ ಗಾಡಿಯದ್ದಷ್ಟೇ ಅಲ್ಲ. ಮನೆ ಅವರದ್ದು, ಕೂಲಿ ಅವರದ್ದು, ಮಗಳ ಮದುವೆಗೆ ಮುಂಗಡ ಕೊಟ್ಟವರೂ ಅವರೇ. ಅವರ ಜೀಪಿನಲ್ಲಿ ಕೂತು ಹೋಗುವಾಗ "ಈ ಸಲ ಯಾರಿಗೆ?" ಅಂತ ನಗುತ್ತಾ ಕೇಳಿದರೂ ಎದೆ ಡವಗುಟ್ಟುತ್ತದೆ. ನೀವು ಯಾರಿಗೆ ಹಾಕಿದಿರಿ ಅಂತ ಹೇಳುವಂತೆ ನ್ಯಾಯಾಲಯವೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಯಂತ್ರದಲ್ಲಿ ನಿಮ್ಮ ಹೆಸರು ದಾಖಲಾಗುವುದಿಲ್ಲ. ಮತ ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಗಾಜಿನ ಹಿಂದೆ ನಿಮಗೆ ಮಾತ್ರ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಇದನ್ನು ನಾನು ಪ್ರತಿ ಲೈನಿನಲ್ಲೂ ಹೇಳುತ್ತಿದ್ದೆ.

ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಮತ ಎಣಿಸುವಾಗ ಬೂತ್‌ವಾರು ಲೆಕ್ಕ ಹೊರಬರುತ್ತದೆ. ನಮೂನೆ 20ರಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಎಲ್ಲರೂ ನೋಡಬಹುದು. ಹಾಸನ ಪೇಟೆಯ ಸಾವಿರ ಮತದ ಬೂತಿನಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಎರಡೋ ಮೂರೋ ತೋಟದವರೇ ಬರುವ ಸಣ್ಣ ಬೂತಿನಲ್ಲಿ ಗಾಳಿ ಯಾವ ಕಡೆ ಬೀಸಿತು ಅಂತ ಊರಿಗೆಲ್ಲ ಗೊತ್ತಾಗುತ್ತದೆ. "ನಿಮ್ಮ ಲೈನಿನವರು ನಮಗೆ ಹಾಕಿಲ್ಲ" ಅನ್ನೋ ಮಾತು ಬರುತ್ತದೆ, ರಸ್ತೆಯ ಕೆಲಸ ನಿಲ್ಲುತ್ತದೆ. ಹಲವು ಬೂತುಗಳ ಮತ ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಅನ್ನೋ ಯಂತ್ರ ಬೇಕು ಅಂತ ಆಯೋಗವೇ ಹಿಂದೆ ಕೇಳಿತ್ತು. ಅದು ಜಾರಿಗೆ ಬರಲಿಲ್ಲ. ಬರಬೇಕು. ಪೇಟೆಯವರಿಗೆ ತಾನಾಗಿ ಸಿಗುವ ಗುಟ್ಟು ಕಾಡಂಚಿನವರಿಗೂ ಸಿಗಬೇಕು.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರು ಇಲ್ಲಿ ಮತ ಹಾಕಬಹುದಾ?

ಇಲ್ಲೇ ನೆಲೆಸಿ ಬದುಕುತ್ತಿದ್ದರೆ ಹಾಕಬಹುದು. ಭಾರತದ ಪ್ರಜೆ ದೇಶದ ಯಾವ ಮೂಲೆಯಲ್ಲಿ ನೆಲೆಸಿದ್ದರೂ ಅಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಆದರೆ ಊರಿನ ಹೆಸರು ಬಿಡಬೇಕು, ಎರಡು ಕಡೆ ಇಟ್ಟುಕೊಂಡರೆ ತಪ್ಪು.

ಕೊಯ್ಲಿಗೆ ಬಂದು ನಾಲ್ಕು ತಿಂಗಳಿದ್ದು ಹೋಗುವವರು ಊರಿನ ಹೆಸರು ಬಿಡಲು ಒಪ್ಪುವುದಿಲ್ಲ. ಊರಿನಲ್ಲಿ ಅಪ್ಪ ಅಮ್ಮ ಇದ್ದಾರೆ, ರೇಷನ್ ಇದೆ, ಬೇರು ಇದೆ. ಹಾಗಂತ ಚುನಾವಣೆಗೆ ಊರಿಗೆ ಹೋಗೋಣ ಅಂದರೆ ಎರಡು ಮೂರು ದಿನದ ರೈಲು, ಬರಲು ಮತ್ತೆ ಅಷ್ಟೇ. ವಾರದ ದುಡಿಮೆ ಹೋಯಿತು, ಟಿಕೆಟ್ ಬೇರೆ. ಅವರು ಎಲ್ಲೂ ಮತ ಹಾಕುವುದಿಲ್ಲ. ಇದ್ದ ಜಾಗದಿಂದಲೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಒಂದು ಯಂತ್ರದಲ್ಲಿ 72 ಕ್ಷೇತ್ರಗಳವರೆಗೆ ಹಿಡಿಸಬಹುದು ಅಂದರು. ಬಹಳ ಪಕ್ಷಗಳು ಒಪ್ಪಲಿಲ್ಲ, ಅಲ್ಲಿಗೆ ನಿಂತಿತು. ಅವರು ಎತ್ತಿದ ಅನುಮಾನಗಳಲ್ಲಿ ಹುರುಳಿರಬಹುದು. ಆದರೆ ನಮ್ಮ ಕಾಫಿ ಬಿಡಿಸುವ ಕೈಗಳಿಗೆ ಮತದಾನದ ದಿನ ಶಾಯಿ ಬೀಳುವುದಿಲ್ಲ ಅನ್ನೋದು ಹಾಗೇ ಉಳಿಯಿತು.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮತ ಊರಲ್ಲಿ ಇರಲಾ, ಅಲ್ಲಿಗೆ ಬದಲಾಯಿಸಲಾ?

ಕಾಯ್ದೆಯ ಪ್ರಕಾರ ಅವನು ಸಾಮಾನ್ಯವಾಗಿ ಇರುವ ಕಡೆ ಇರಬೇಕು. ನಮೂನೆ 8 ತುಂಬಿದರೆ ಹೆಸರು ವರ್ಗವಾಗುತ್ತದೆ. ಮೊದಲು ಬೇರೆ ಕ್ಷೇತ್ರಕ್ಕೆ ಹೋದರೆ ಮತ್ತೆ ನಮೂನೆ 6 ಹಾಕಬೇಕಿತ್ತು, 2022ರಿಂದ ಬದಲಾಗಿದೆ.

ಆದರೂ ಬಹಳ ಮಕ್ಕಳು ಊರಲ್ಲೇ ಇಟ್ಟುಕೊಂಡಿದ್ದಾರೆ. ಬೆಂಗಳೂರಿನಲ್ಲಿ ವರ್ಷಕ್ಕೊಂದು ಪಿಜಿ, ಎರಡು ವರ್ಷಕ್ಕೊಂದು ಬಾಡಿಗೆ ಮನೆ. ಓನರ್ ಕರಾರು ನೋಂದಾಯಿಸಲು ಒಪ್ಪುವುದಿಲ್ಲ. ಕಾರಿರುವ ಇಂಜಿನಿಯರ್ ಹಿಂದಿನ ರಾತ್ರಿ ಹೊರಟು ಬೆಳಿಗ್ಗೆ ಊರಲ್ಲಿರುತ್ತಾನೆ. ಗಾರ್ಮೆಂಟ್ಸಿನ ಹುಡುಗಿ ಮೆಜೆಸ್ಟಿಕ್ಕಿನಲ್ಲಿ ತುಂಬಿ ತುಳುಕುವ ಬಸ್ಸಿಗೆ ಕಾಯುತ್ತಾಳೆ, ಹಾಸನದಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯುತ್ತಾಳೆ, ಮಾರನೇ ದಿನ ಶಿಫ್ಟಿಗೆ ವಾಪಸ್ ಇರಬೇಕು. ಇಬ್ಬರಿಗೂ ಒಂದೇ ಒಂದು ಮತ.

ಕಾಲೇಜು ಮಕ್ಕಳಿಗೆ ಆಯ್ಕೆ ಇದೆ. ಹಾಸ್ಟೆಲಿನಲ್ಲಿದ್ದು ಕನಿಷ್ಠ ಒಂದು ವರ್ಷದ ಕೋರ್ಸು ಓದುವವರು ಓದುವ ಊರಿನಲ್ಲೂ ಸೇರಿಸಬಹುದು, ಅಪ್ಪ ಅಮ್ಮನ ಮನೆಯಲ್ಲೂ ಇಟ್ಟುಕೊಳ್ಳಬಹುದು. ಹಾಸ್ಟೆಲ್ ವಿಳಾಸಕ್ಕೆ ಕಾಲೇಜಿನ ಮುಖ್ಯಸ್ಥರ ಪತ್ರ ಬೇಕು. 17 ತುಂಬಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು. ಮೊದಲೆಲ್ಲ ಜನವರಿ 1ಕ್ಕೆ 18 ಆಗಿರಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ.

ಮದುವೆಯಾಗಿ ಬಂದ ಸೊಸೆಗೆ ಎರಡೂ ಕಡೆ ಹೆಸರಿಲ್ಲ. ಯಾಕೆ ಹೀಗಾಗುತ್ತೆ?

ತವರಿನ ಬಿಎಲ್‌ಒ ಬಂದು ಕೇಳಿದಾಗ "ಅವಳು ಮದುವೆಯಾಗಿ ಹೋದಳು" ಅಂತಾರೆ. ಅಲ್ಲಿ ಹೆಸರು ತೆಗೆಯುತ್ತಾರೆ. ಗಂಡನ ಮನೆಯಲ್ಲಿ ಸೇರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮದುವೆ, ಬಾಣಂತನ, ಮಗು ಅಂತ ಒಂದೆರಡು ಚುನಾವಣೆ ದಾಟಿಹೋಗುತ್ತದೆ. ಗಂಡಸು ಹುಟ್ಟಿದ ಮನೆಯಲ್ಲೇ ಇರುತ್ತಾನೆ, ಅವನ ಹೆಸರು ಅಲುಗುವುದಿಲ್ಲ. ಹೆಂಗಸು ಮಾತ್ರ ಮತ್ತೆ ಅರ್ಜಿ ಹಾಕಬೇಕು, ಹೆಸರಿನ ಮುಂದೆ ತಂದೆಯ ಬದಲು ಗಂಡನ ಹೆಸರು, ದಾಖಲೆಯಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಮತ್ತೆ ಓಡಾಟ.

ಇದು ಹಳೆಯ ಕಥೆ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತ ಬರೆಸಿದ್ದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಮತದಾರರಿಗೆ ಸ್ವಂತ ಹೆಸರಿರಬೇಕು ಅಂದರು. ಕಠಿಣ ಅನಿಸಿದರೂ ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಬಂದರು.

ಅತ್ತೆಮಾವಂದಿರೇ, ಸೊಸೆ ಮನೆಗೆ ಬಂದ ಮೊದಲ ತಿಂಗಳೇ ನಮೂನೆ 8 ತುಂಬಿಸಿಬಿಡಿ.

ಅಜ್ಜನಿಗೆ ನಡೆಯಲು ಆಗಲ್ಲ. ಮನೆಯಿಂದಲೇ ಮತ ಹಾಕಬಹುದಂತೆ, ಹೌದಾ?

ಹೌದು. ಕರ್ನಾಟಕದಲ್ಲಿ ಇದು 2023ರ ವಿಧಾನಸಭೆ ಚುನಾವಣೆಯಿಂದ ಶುರುವಾಯಿತು. ಆಗ 80 ದಾಟಿದವರಿಗಿತ್ತು, 2024ರಲ್ಲಿ 85ಕ್ಕೆ ಏರಿಸಿದರು. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಯಾವ ವಯಸ್ಸಿನಲ್ಲೂ ಉಂಟು. ನಮೂನೆ 12ಡಿ ಕೊಡಬೇಕು. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ಅದು ತಲುಪಬೇಕು, ಇಲ್ಲೇ ಬಹಳ ಜನ ತಪ್ಪುತ್ತಾರೆ. ಆಮೇಲೆ ಅಧಿಕಾರಿಗಳ ತಂಡ ಮನೆಗೇ ಬಂದು ಗುಟ್ಟಾಗಿ ಮತ ಹಾಕಿಸುತ್ತದೆ, ವಿಡಿಯೋ ಕೂಡ ಮಾಡುತ್ತಾರೆ.

82 ವರ್ಷದ, ಮಂಡಿ ಸವೆದ, ಆದರೆ ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲದ ಅಜ್ಜಿ ಈಗ ಎರಡೂ ಕಡೆ ಸಲ್ಲುವುದಿಲ್ಲ. ವಯಸ್ಸಿನ ಗೆರೆ ಏರಿಸಿದ್ದು ನನಗೆ ಸರಿಬರಲಿಲ್ಲ. ಅಂಥವರು ಮತಗಟ್ಟೆಗೇ ಬರಬೇಕು. ಬಂದರೆ ಸಾಲು ನಿಲ್ಲಬೇಕಿಲ್ಲ. ಮತಗಟ್ಟೆ ನೆಲಮಟ್ಟದಲ್ಲಿರಬೇಕು, ಇಳಿಜಾರಿನ ದಾರಿ ಇರಬೇಕು. ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಬಿಎಲ್‌ಒಗೆ ಹೇಳಿ. ಕಣ್ಣು ಕಾಣದವರಿಗೆ ಯಂತ್ರದಲ್ಲಿ ಬ್ರೈಲ್ ಅಂಕಿ ಇದೆ. ಇಲ್ಲವಾದರೆ 18 ದಾಟಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆ ಒಬ್ಬರು ಅಂದು ಇನ್ನೊಬ್ಬರಿಗೆ ಜೊತೆಯಾಗುವಂತಿಲ್ಲ. ಊರಿನ ಯಾರೋ ಒಬ್ಬರು ಹತ್ತು ಅಜ್ಜಿಯರ ಮತ ಹಾಕಿಸುವುದನ್ನು ತಡೆಯಲು ಈ ನಿಯಮ.

ಚುನಾವಣೆ ಡ್ಯೂಟಿಯವರು ಮತ ಹಾಕೋದು ಹೇಗೆ? ಸೈನಿಕರು, ವಿದೇಶದಲ್ಲಿರುವವರು?

ಡ್ಯೂಟಿ ಇರೋದು ನಿಮ್ಮದೇ ಕ್ಷೇತ್ರದಲ್ಲಾದರೆ ಇಡಿಸಿ ಅನ್ನೋ ಪತ್ರ ಸಿಗುತ್ತದೆ, ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಹಾಕಬಹುದು. ಬೇರೆ ಕಡೆಯಾದರೆ ಅಂಚೆ ಮತ, ಈಗ ಅದಕ್ಕೆಂದೇ ತೆರೆದ ಸೌಲಭ್ಯ ಕೇಂದ್ರದಲ್ಲಿ ಹಾಕಬೇಕು. ಬಸ್ ಡ್ರೈವರುಗಳೂ ಇದಕ್ಕೆ ಸೇರುತ್ತಾರೆ, ಬಹಳ ಜನರಿಗೆ ಅದು ಗೊತ್ತಿಲ್ಲ. ಒಂದು ಚುನಾವಣೆಯಲ್ಲಿ ನನ್ನ ಅರ್ಜಿಯನ್ನು ಕಚೇರಿಯಲ್ಲಿ ಎಲ್ಲೋ ಇಟ್ಟು ಮರೆತರು. ಇಡೀ ದಿನ ಬೇರೆಯವರ ಬೆರಳಿಗೆ ಶಾಯಿ ಹಾಕಿಸಿ ನಾನು ಮತವಿಲ್ಲದೆ ಮನೆಗೆ ಬಂದೆ. ಮತ ತಪ್ಪಿದವರ ಸಂಕಟ ನನಗೆ ಅರ್ಥವಾದದ್ದು ಆವತ್ತು.

ಸೈನಿಕರಿಗೆ ಅಂಚೆ ಮತಪತ್ರ ಕಂಪ್ಯೂಟರಿನಲ್ಲೇ ಬರುತ್ತದೆ, ತುಂಬಿ ಅಂಚೆಯಲ್ಲಿ ಕಳಿಸುತ್ತಾರೆ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಭಾರತದ ಪ್ರಜೆ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು.

ಜೈಲಿನಲ್ಲಿರುವವರಿಗೆ ಮತ ಇದೆಯಾ?

ಇಲ್ಲ. ಶಿಕ್ಷೆಯಾದವರಿಗಷ್ಟೇ ಅಲ್ಲ, ವಿಚಾರಣೆ ಮುಗಿಯದೆ ಒಳಗಿರುವವರಿಗೂ ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5) ಕಲಂ ಹಾಗೆ ಹೇಳುತ್ತದೆ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರು ಮಾತ್ರ ಅಂಚೆಯಲ್ಲಿ ಹಾಕಬಹುದು. ಜಾಮೀನು ಸಿಕ್ಕವರು ಎಲ್ಲರಂತೆ ಮತಗಟ್ಟೆಗೆ ಬರಬಹುದು. ಒಂದೇ ಬಗೆಯ ಕೇಸಿನಲ್ಲಿ ಸಿಕ್ಕ ಇಬ್ಬರಲ್ಲಿ ವಕೀಲರನ್ನು ಹಿಡಿದು ಜಾಮೀನು ತಂದವರಿಗೆ ಮತ ಇದೆ, ಜಾಮೀನುದಾರರೇ ಸಿಗದ ಬಡವನಿಗೆ ಇಲ್ಲ. ಅದೇ ವಿಚಾರಣಾಧೀನ ಕೈದಿ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದು. ಸುಪ್ರೀಂ ಕೋರ್ಟ್ 1997ರಲ್ಲಿ ಈ ಕಲಂ ಸರಿ ಎಂದಿದೆ. ತೀರ್ಪನ್ನು ಗೌರವಿಸುತ್ತೇನೆ, ಆದರೂ ಅಪರಾಧ ಸಾಬೀತಾಗದವರ ಮತ ಕಿತ್ತುಕೊಳ್ಳೋದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಕೆಲವರಿಗೆ ಒಂದಕ್ಕಿಂತ ಜಾಸ್ತಿ ಮತ ಇದೆಯಂತೆ?

ಒಂದೇ ಚುನಾವಣೆಯಲ್ಲಿ ಎರಡು ಮತ ಇಲ್ಲ. ಆದರೆ ವಿಧಾನ ಪರಿಷತ್ತಿಗೆ ಪದವೀಧರರಿಗೆ ಬೇರೆ ಕ್ಷೇತ್ರ, ಶಿಕ್ಷಕರಿಗೆ ಬೇರೆ ಕ್ಷೇತ್ರ ಇವೆ. ಚಿಕ್ಕಮಗಳೂರಿನವರು ನೈಋತ್ಯ ಪದವೀಧರರ ಕ್ಷೇತ್ರಕ್ಕೆ, ಹಾಸನದವರು ದಕ್ಷಿಣ ಪದವೀಧರರ ಕ್ಷೇತ್ರಕ್ಕೆ ಸೇರುತ್ತಾರೆ. ಡಿಗ್ರಿ ಮುಗಿದು ಮೂರು ವರ್ಷ ಆಗಿರಬೇಕು, ನಮೂನೆ 18 ತುಂಬಬೇಕು. ಪ್ರೌಢಶಾಲೆ ಮತ್ತು ಮೇಲಿನ ಶಿಕ್ಷಕರಿಗೆ ನಮೂನೆ 19. ಪ್ರಾಥಮಿಕ ಶಾಲೆಯ ನನ್ನಂಥವರಿಗೆ ಶಿಕ್ಷಕರ ಕ್ಷೇತ್ರದ ಮತ ಇಲ್ಲ. ಓದಿದವರಿಗೆ ಶಾಸನಸಭೆಯ ಬಾಗಿಲು ಎರಡು, ಓದಲು ಆಗದವರಿಗೆ ಒಂದು.

ನಾವು ಚಿಕ್ಕಮಗಳೂರು ಜಿಲ್ಲೆ. ಕಡೂರಿನವರು ಹಾಸನದ ಎಂಪಿಗೆ ಯಾಕೆ ಹಾಕ್ತಾರೆ?

ಕ್ಷೇತ್ರ ವಿಂಗಡಣೆ ಜನಸಂಖ್ಯೆ ನೋಡಿ ಆಗುತ್ತದೆ. 2009ರ ಚುನಾವಣೆಯಿಂದ ಕಡೂರು ಹಾಸನ ಲೋಕಸಭೆಗೆ ಸೇರಿದೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಘಟ್ಟದ ಕೆಳಗಿನ ಉಡುಪಿ, ಕುಂದಾಪುರ, ಕಾಪು, ಕಾರ್ಕಳದ ಜೊತೆಗಿವೆ.

ಕಾರ್ಡ್ ಇದೆ, ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂದರು. ಕಾರ್ಡ್ ತೋರಿಸಿದರೆ ಬಿಡಬೇಕಲ್ವಾ?

ಬಿಡುವುದಿಲ್ಲ. ಪಟ್ಟಿಯೇ ಮುಖ್ಯ, ಕಾರ್ಡ್ ಬರೀ ಗುರುತು. ಹೆಸರಿದ್ದು ಕಾರ್ಡ್ ಕಳೆದಿದ್ದರೆ ಯೋಚನೆ ಬೇಡ: ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಯಾವುದಾದರೂ ನಡೆಯುತ್ತದೆ. ಬಿಎಲ್‌ಒ ಕೊಡುವ ಚೀಟಿ ಮಾತ್ರ ಸಾಲದು.

ಹೆಸರು ತೆಗೆಯುವ ಮುಂಚೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು ಅನ್ನೋದು ನಿಯಮ. ಬೀಗ ಹಾಕಿದ ಲೈನ್ ಮನೆಗೆ ಬಂದ ನೋಟಿಸ್ ಯಾರ ಕೈಗೂ ಸಿಗುವುದಿಲ್ಲ, ಅಡಚಣೆ ಅಲ್ಲಿದೆ. ಅಧಿಕಾರಿಯ ತೀರ್ಮಾನ ಒಪ್ಪದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮೊದಲೇ ಹಾಕಿಹೋಗಿದ್ದರೆ ಸುಮ್ನೆ ವಾಪಸ್ ಬರಬೇಡಿ, ಟೆಂಡರ್ ವೋಟ್ ಕೇಳಿ. ಕಾಗದದ ಮತಪತ್ರ ಕೊಟ್ಟು ಬೇರೆಯಾಗಿ ಇಡುತ್ತಾರೆ.

ಇಷ್ಟು ಕಷ್ಟ ಇದ್ದರೂ ನಮ್ಮಲ್ಲಿ ಬೆಂಗಳೂರಿಗಿಂತ ಜಾಸ್ತಿ ಮತದಾನ ಆಗುತ್ತಲ್ಲ?

ಆಗುತ್ತದೆ. 2024ರಲ್ಲಿ ಹಾಸನ, ಉಡುಪಿ-ಚಿಕ್ಕಮಗಳೂರು ಎರಡೂ ಕ್ಷೇತ್ರಗಳಲ್ಲಿ ಶೇ. 75 ದಾಟಿತು. ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಇದನ್ನು ಹಿಡಿದು "ಹಳ್ಳಿಯವರಿಗೇನೂ ಕಷ್ಟವಿಲ್ಲ" ಅನ್ನುವವರಿದ್ದಾರೆ. ಒಂದು ವಿಷಯ ಗಮನಿಸಿ: ಈ ಲೆಕ್ಕ ಪಟ್ಟಿಯಲ್ಲಿ ಹೆಸರಿರುವವರದ್ದು ಮಾತ್ರ. ಪಟ್ಟಿಗೇ ಸೇರದ ಲೈನಿನವರು, ಕೈಬಿಟ್ಟುಹೋದ ಸೊಸೆಯಂದಿರು ಆ ಉಳಿದ ಶೇ. 25ರಲ್ಲೂ ಇಲ್ಲ. ಬೆಂಗಳೂರಿನ ಪಟ್ಟಿಯಲ್ಲಿ ಮನೆ ಬದಲಾಯಿಸಿ ಹೋದವರ ಹೆಸರು ಉಳಿದೂ ಲೆಕ್ಕ ಇಳಿಯುತ್ತದೆ.

ಇನ್ನೊಂದು ಕಾರಣ ನಾನು ಕಣ್ಣಾರೆ ಕಂಡದ್ದು. ನಮ್ಮ ಜನಕ್ಕೆ ಮತ ಅಂದರೆ ಒಂದು ದಿನದ ಮರ್ಯಾದೆ. ಟ್ರಂಕಿನಿಂದ ಸೀರೆ ತೆಗೆದು ಉಟ್ಟು ಬರುತ್ತಾರೆ. ಸಾಹುಕಾರರೂ ಆಳುಗಳೂ ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುವ ಜಾಗ ನಮ್ಮೂರಿನಲ್ಲಿ ಅದೊಂದೇ.

ನಮ್ಮ ಅಕ್ಕಪಕ್ಕ ಹೆಸರಿಲ್ಲದವರು ಇದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ?

ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನದ ಹೊತ್ತು ಮೀರಿದ ಮೇಲೆ ಒಂದು ಹೆಸರೂ ಸೇರುವುದಿಲ್ಲ. ಅರ್ಜಿಯ ಮೇಲೆ ಆಕ್ಷೇಪಕ್ಕೂ ದಿನ ಬೇಕು, ಹಾಗಾಗಿ ಅದಕ್ಕೆ ಹತ್ತು ದಿನ ಮುಂಚೆಯಾದರೂ ಕೊಟ್ಟಿರಬೇಕು.

ನಿಮ್ಮ ಬೂತಿನ ಪಟ್ಟಿ ಬಿಎಲ್‌ಒ ಹತ್ತಿರ ಇರುತ್ತದೆ, ಆಯೋಗದ ಜಾಲತಾಣದಲ್ಲೂ ಸಿಗುತ್ತದೆ. ಅದನ್ನು ಹಿಡಿದು ಮನೆಮನೆಯ ಲೆಕ್ಕ ನೋಡಿ. ಲೈನ್ ಮನೆಗೆ ಭಾನುವಾರ ಹೋಗಿ, ಹಕ್ಕಿಪಿಕ್ಕಿ ಕಾಲೋನಿಯಂಥ ಕಡೆ ಜನ ವ್ಯಾಪಾರ ಮುಗಿಸಿ ಊರಿಗೆ ಮರಳುವ ದಿನ ಕೇಳಿಕೊಂಡು ಹೋಗಿ. ಮೊಬೈಲಿನಲ್ಲಿ ತುಂಬಲು ಬಾರದವರನ್ನು ಗ್ರಾಮ ಒನ್ ಕೇಂದ್ರಕ್ಕೋ ಬಿಎಲ್‌ಒ ಹತ್ತಿರಕ್ಕೋ ಕರೆದೊಯ್ಯಿರಿ. ಅರ್ಜಿ ಕೊಟ್ಟ ಮೇಲೆ ಬರುವ ನಂಬರನ್ನು ಅವರ ಪಾಸ್‌ಬುಕ್ಕಿನ ಹಿಂದೆ ಬರೆದುಕೊಡಿ, ಚೀಟಿಯಾದರೆ ಕಳೆದುಹೋಗುತ್ತದೆ. ಎರಡು ವಾರ ಬಿಟ್ಟು ಆ ನಂಬರ್ ಹಾಕಿ ನೋಡಿ. ಏನೂ ಆಗಿಲ್ಲ ಅಂದರೆ 1950ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ ಕೇಳಿ. ಅಲ್ಲಿಗೆ ಹೋಗುವಾಗ ಅರ್ಜಿದಾರರನ್ನೂ ಕರ್ಕೊಂಡು ಹೋಗಿ, ಸಂತೆಯ ದಿನವಾದರೆ ಅವರಿಗೆ ಕೂಲಿ ತಪ್ಪುವುದಿಲ್ಲ.